ವೈದ್ಯಶಿಕ್ಷಣದಲ್ಲಿ ಪರಾನುಭೂತಿ: ಬೋಧನೆ ಮತ್ತು ಮಾಪನ
(ಬೀದರ್ ಗಡಿಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ)

1. ಪೀಠಿಕೆ

ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಹೊಂದಿಕೊಂಡಿರುವ ಔರಾದ ತಾಲ್ಲೂಕಿನಲ್ಲಿ ಎಕಂಬಾ ಒಂದು ಗ್ರಾಮ. ಈ ಸೀಮೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಮತ್ತು ಲಂಬಾಣಿ ನುಡಿಗಳು ಒಂದೇ ಸಂತೆಯಲ್ಲಿ, ಒಂದೇ ಬಸ್ಸಿನಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ ಬಳಕೆಯಾಗುತ್ತವೆ. ಇಲ್ಲಿಂದ ಬೀದರಿನ ಬೋಧನಾಸ್ಪತ್ರೆಗೆ ಬಂದ, ತೆಲುಗು ಮನೆಮಾತಿನ ಒಬ್ಬ ವೃದ್ಧೆ ತನಗೆ ‘ಆಯಾಸ’ ಎಂದು ಹೇಳಿದಳೆಂದು ಭಾವಿಸೋಣ. ಕನ್ನಡದಲ್ಲಿ ಆಯಾಸವೆಂದರೆ ದಣಿವು. ತೆಲುಗಿನಲ್ಲಿ ಅದೇ ಪದಕ್ಕೆ ಏದುಸಿರು ಎಂಬ ಅರ್ಥ. ಕನ್ನಡ ಮಾತ್ರ ಬಲ್ಲ ವಿದ್ಯಾರ್ಥಿ ಪ್ರಕರಣಪತ್ರದಲ್ಲಿ ‘ದಣಿವು’ ಎಂದು ಬರೆದುಕೊಂಡರೆ ಹೃದಯದ ಅಥವಾ ಶ್ವಾಸಕೋಶದ ತೀವ್ರ ವ್ಯಾಧಿಯ ಮೊದಲ ಸುಳಿವು ಅಲ್ಲಿಯೇ ಕೈತಪ್ಪುತ್ತದೆ. ಇಲ್ಲಿ ಆದ ತಪ್ಪು ಶರೀರಶಾಸ್ತ್ರದ ಅಜ್ಞಾನದಿಂದ ಆದುದಲ್ಲ. ‘ಈ ಮಾತಿನಿಂದ ನೀವು ಹೇಳುತ್ತಿರುವುದೇನು?’ ಎಂದು ಇನ್ನೊಮ್ಮೆ ಕೇಳುವ ವ್ಯವಧಾನ ಇಲ್ಲದುದರಿಂದ ಆದುದು.

ಈ ವ್ಯವಧಾನಕ್ಕೆ ವೈದ್ಯಶಿಕ್ಷಣದ ಪರಿಭಾಷೆಯಲ್ಲಿ ಪರಾನುಭೂತಿ ಎಂಬ ಹೆಸರಿದೆ. ಇದು ಹುಟ್ಟುಗುಣವೆ, ಕಲಿತು ಬರುವ ಕೌಶಲವೆ? ಕಲಿಸಬಹುದಾದರೆ ಹೇಗೆ ಕಲಿಸಬೇಕು? ಕಲಿತಿದ್ದಾರೆ ಎಂಬುದನ್ನು ಅಳೆಯುವುದು ಯಾವುದರಿಂದ, ಯಾರಿಂದ? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಪರಾನುಭೂತಿಯನ್ನು ಕಲಿಸಲು ಸಾಧ್ಯವಿದೆ. ಆದರೆ ಅದರ ಅಳತೆಗೋಲು ವಿದ್ಯಾರ್ಥಿಯ ಕೈಯಲ್ಲಿರುವಷ್ಟು ಕಾಲ ಅಳತೆ ಅಪೂರ್ಣ. ಅದು ರೋಗಿಯ ಕಡೆಗೆ, ರೋಗಿಯ ನುಡಿಗೆ ದಾಟಬೇಕು ಎಂಬುದು ಇಲ್ಲಿಯ ಪ್ರತಿಪಾದನೆ.

2. ಪದವಿಚಾರ

ಮರುಕ, ಕನಿಕರ, ಕರುಣೆ, ದಯೆ, ಅನುಕಂಪ, ಸಹಾನುಭೂತಿ, ಅಂತಃಕರಣ ಮುಂತಾದ ಪದಗಳು ಕನ್ನಡದಲ್ಲಿ ಹೇರಳವಾಗಿವೆ. ಇವುಗಳಲ್ಲಿ ಮರುಕ ಮತ್ತು ಕನಿಕರಗಳು ನೋಡುವವನ ಹೃದಯದಲ್ಲಿ ಹುಟ್ಟಿ ಅಲ್ಲಿಯೇ ನಿಲ್ಲಬಹುದು. ಮರುಕಪಡುವವನು ಮೇಲೆ, ಮರುಕಕ್ಕೆ ಪಾತ್ರನಾದವನು ಕೆಳಗೆ ಎಂಬ ಅಂತರವೂ ಅವುಗಳಲ್ಲಿ ಅಡಗಿದೆ. ಪರಾನುಭೂತಿಯ ನೆಲೆ ಬೇರೆ. ಇನ್ನೊಬ್ಬರ ಅನುಭವವನ್ನು ಅವರ ನೆಲೆಯಿಂದ ಗ್ರಹಿಸುವುದು, ಗ್ರಹಿಸಿದುದನ್ನು ಅವರಿಗೆ ತಿಳಿಯುವಂತೆ ವ್ಯಕ್ತಪಡಿಸುವುದು, ಆ ಗ್ರಹಿಕೆಗೆ ತಕ್ಕಂತೆ ನಡೆದುಕೊಳ್ಳುವುದು, ಈ ಮೂರೂ ಅದರ ಅಂಗಗಳು. ಭಾರತೀಯ ಕಾವ್ಯಮೀಮಾಂಸೆಯ ‘ಸಹೃದಯ’ ಮತ್ತು ‘ತಾದಾತ್ಮ್ಯ’ ಎಂಬ ಪರಿಕಲ್ಪನೆಗಳು ಇದಕ್ಕೆ ಹತ್ತಿರವಾದವು. ಪಾತ್ರದ ದುಃಖದಲ್ಲಿ ಒಂದಾಗಿಯೂ ಅದು ತನ್ನ ಸ್ವಂತ ದುಃಖವಲ್ಲವೆಂಬ ಎಚ್ಚರವನ್ನು ಸಹೃದಯ ಕಳೆದುಕೊಳ್ಳುವುದಿಲ್ಲ. ವೈದ್ಯನಿಗೆ ಬೇಕಾದದ್ದೂ ಇಂಥದೇ ಎಚ್ಚರವುಳ್ಳ ತಾದಾತ್ಮ್ಯ.

ಪಾಶ್ಚಾತ್ಯ ಚಿಂತನೆಯಲ್ಲಿಯೂ ಈ ಪರಿಕಲ್ಪನೆ ಮೊದಲು ಕಾಣಿಸಿಕೊಂಡದ್ದು ಸೌಂದರ್ಯಮೀಮಾಂಸೆಯಲ್ಲಿಯೇ ಎಂಬುದು ಗಮನಾರ್ಹ. 1873ರಲ್ಲಿ ಜರ್ಮನಿಯ ರಾಬರ್ಟ್ ವಿಷರ್ ಕಲಾಕೃತಿಯೊಳಕ್ಕೆ ಪ್ರವೇಶಿಸಿ ಅನುಭವಿಸುವುದಕ್ಕೆ ‘ಐನ್‌ಫ್ಯೂಲುಂಗ್’ ಎಂಬ ಪದವನ್ನು ಬಳಸಿದನು. ಥಿಯೊಡೋರ್ ಲಿಪ್ಸ್ ಅದನ್ನು ಮನಶ್ಶಾಸ್ತ್ರಕ್ಕೆ ವಿಸ್ತರಿಸಿದನು. 1909ರಲ್ಲಿ ಎಡ್ವರ್ಡ್ ಟಿಚನರ್ ಅದಕ್ಕೆ ‘ಎಂಪಥಿ’ ಎಂಬ ಇಂಗ್ಲಿಷ್ ರೂಪವನ್ನು ಕೊಟ್ಟನು. ವೈದ್ಯಶಿಕ್ಷಣಕ್ಕೆ ಈ ಪದ ಬಂದುದು ಆ ಬಳಿಕ.

3. ಚಾರಿತ್ರಿಕ ಹಿನ್ನೆಲೆ

ಪದ ಹೊಸದಾದರೂ ವಿಚಾರ ಹಳೆಯದು. ಚರಕಸಂಹಿತೆಯು ವೈದ್ಯನ ವೃತ್ತಿಯನ್ನು ನಾಲ್ಕಾಗಿ ವಿಂಗಡಿಸುವಾಗ ಮೈತ್ರಿಯನ್ನೂ ರೋಗಪೀಡಿತರಲ್ಲಿ ಕಾರುಣ್ಯವನ್ನೂ ಮೊದಲು ಹೇಳುತ್ತದೆ. ಬಸವಕಲ್ಯಾಣವನ್ನು ಕೇಂದ್ರವಾಗಿಸಿಕೊಂಡು 12ನೆಯ ಶತಮಾನದಲ್ಲಿ ನಡೆದ ಶರಣ ಚಳವಳಿಯು ದಯೆಯನ್ನು ಧರ್ಮದ ಬುಡದಲ್ಲಿಟ್ಟಿತು. ಆ ಪರಂಪರೆಯಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೂ ಇದ್ದನೆಂಬುದು ಉಲ್ಲೇಖನೀಯ.

ಬೀದರ್ ನಗರಕ್ಕೆ ಈ ವಿಷಯದಲ್ಲಿ ತನ್ನದೇ ಆದ ಇತಿಹಾಸವಿದೆ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದನು (ಆಳ್ವಿಕೆ 1436–1458) ಇಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿ, ಅದರ ಖರ್ಚಿಗೆ ಗ್ರಾಮಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಎರಡು ವೈದ್ಯಪದ್ಧತಿಗಳು ಒಂದೇ ಸೂರಿನಡಿ ಇದ್ದುದು ಔಷಧದ ದೃಷ್ಟಿಯಿಂದ ಮಾತ್ರ ಮುಖ್ಯವಲ್ಲ. ಬಂದ ರೋಗಿಗೆ ತನ್ನ ನುಡಿಯನ್ನೂ ನಂಬಿಕೆಯನ್ನೂ ಬಲ್ಲ ವೈದ್ಯನೊಬ್ಬ ಸಿಗುವ ಅವಕಾಶವೂ ಅದರಿಂದ ಹೆಚ್ಚುತ್ತದೆ.

ಆಧುನಿಕ ವೈದ್ಯಶಿಕ್ಷಣವು ಈ ವಿಚಾರದಲ್ಲಿ ಬಹುಕಾಲ ದ್ವಂದ್ವದಲ್ಲಿಯೇ ಇತ್ತು. ವಿಲಿಯಂ ಆಸ್ಲರ್ 1889ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ವೈದ್ಯನಿಗೆ ಸಮಚಿತ್ತವು ಅತ್ಯಗತ್ಯವೆಂದು ಬೋಧಿಸಿದನು. ಹಾರ್ವರ್ಡ್‌ನ ಫ್ರಾನ್ಸಿಸ್ ಪೀಬಾಡಿ 1927ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ರೋಗಿಯ ಬಗ್ಗೆ ನಿಜವಾದ ಕಾಳಜಿಯಿಲ್ಲದೆ ರೋಗದ ಆರೈಕೆ ಸಾಧ್ಯವಿಲ್ಲವೆಂಬ ನಿಲುವನ್ನು ತಾಳಿದನು. ಸಮಾಜಶಾಸ್ತ್ರಜ್ಞೆ ರೆನೀ ಫಾಕ್ಸ್ ಮತ್ತು ಹೆರಾಲ್ಡ್ ಲೀಫ್ 1963ರಲ್ಲಿ ವಿದ್ಯಾರ್ಥಿಗಳು ಕಲಿಯುವ ಮನೋಧರ್ಮವನ್ನು ‘ನಿರ್ಲಿಪ್ತ ಕಾಳಜಿ’ ಎಂಬರ್ಥದ ಪದದಿಂದ ಗುರುತಿಸಿದರು. ಈ ಎರಡು ಪದಗಳಲ್ಲಿ ‘ನಿರ್ಲಿಪ್ತ’ ಉಳಿದು ‘ಕಾಳಜಿ’ ಕರಗುವ ಅಪಾಯವೇ ಇಂದಿನ ಚರ್ಚೆಯ ಮೂಲ.

4. ಪಠ್ಯಕ್ರಮದಲ್ಲಿ ಪರಾನುಭೂತಿ

ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ವೈದ್ಯಕೀಯ ನೀತಿಯ ಬೋಧನೆಯಲ್ಲಿ ಭಾರತಕ್ಕೇ ಮಾರ್ಗದರ್ಶಕವಾದ ಸಂಸ್ಥೆಗಳಲ್ಲೊಂದು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ರಾಜ್ಯದ ವೈದ್ಯಕೀಯ ಕಾಲೇಜುಗಳನ್ನು ಒಂದೇ ಪಠ್ಯಕ್ರಮದಡಿ ತಂದಿತು. 2000ರ ದಶಕದಲ್ಲಿ ಬೀದರಿನಲ್ಲಿ ಆರಂಭಗೊಂಡ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೇ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ.

ರಾಷ್ಟ್ರಮಟ್ಟದಲ್ಲಿ ನಿರ್ಣಾಯಕವಾದ ಬದಲಾವಣೆ ಆದುದು ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ಮನೋಭಾವ, ನೀತಿ ಮತ್ತು ಸಂವಹನಗಳಿಗೆ ಸಂಬಂಧಿಸಿದ ಕೈಪಿಡಿಯನ್ನು ಹೊರತಂದಾಗ. ‘ಏಟ್‌ಕಾಮ್’ ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾಗಿರುವ ಇದು 27 ಘಟಕಗಳನ್ನು ಒಳಗೊಂಡಿತ್ತು. 2019ರ ತಂಡದಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಇದು ಅವಿಭಾಜ್ಯ ಭಾಗವಾಯಿತು. ಮೊದಲ ಹಂತದ ಘಟಕಗಳ ಕ್ರಮವೇ ಅರ್ಥಪೂರ್ಣವಾಗಿದೆ: ವೈದ್ಯನಾಗುವುದೆಂದರೇನು, ರೋಗಿಯಾಗುವುದೆಂದರೇನು, ವೈದ್ಯ-ರೋಗಿ ಸಂಬಂಧವೆಂಥದು, ಸಂವಹನದ ತಳಹದಿ ಯಾವುದು, ಕೊನೆಗೆ ಶವವು ಮೊದಲ ಗುರುವಾಗುವುದು ಹೇಗೆ. ಅಂಗರಚನಾ ವಿಭಾಗದ ಮೇಜಿನ ಮೇಲಿರುವ ದೇಹವೂ ಒಂದು ಕಾಲಕ್ಕೆ ಯಾರದೋ ತಾಯಿ, ಯಾರದೋ ಅಣ್ಣ ಆಗಿತ್ತೆಂಬ ಅರಿವಿನಿಂದ ಶಿಕ್ಷಣ ಮೊದಲಾಗಬೇಕೆಂಬುದು ಇದರ ಆಶಯ.

ಇದೇ ಪಠ್ಯಕ್ರಮವು ಪ್ರವೇಶ ಪಡೆದ ವಿದ್ಯಾರ್ಥಿಗಳಿಗೆ 175 ಗಂಟೆಗಳ ಬುನಾದಿ ಶಿಕ್ಷಣವನ್ನು ವಿಧಿಸಿತು. ಅದರಲ್ಲಿ 40 ಗಂಟೆಗಳು ಸ್ಥಳೀಯ ಭಾಷೆ, ಇಂಗ್ಲಿಷ್ ಮತ್ತು ಗಣಕ ಕೌಶಲಗಳಿಗೆ ಮೀಸಲಾಗಿದ್ದವು. 2020ರ ಸೆಪ್ಟೆಂಬರಿನಲ್ಲಿ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದ ಮೇಲೆ, ಪ್ರತಿ ವಿದ್ಯಾರ್ಥಿಯೂ ಗ್ರಾಮದ ಕೆಲವು ಕುಟುಂಬಗಳನ್ನು ಗುರುತಿಸಿಕೊಂಡು ವ್ಯಾಸಂಗದ ಅವಧಿಯುದ್ದಕ್ಕೂ ಅವರ ಆರೋಗ್ಯವನ್ನು ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮವು ಸೇರ್ಪಡೆಯಾಯಿತು. ಪರಾನುಭೂತಿಯ ದೃಷ್ಟಿಯಿಂದ ಈ ಕಾರ್ಯಕ್ರಮದ ಮಹತ್ವ ದೊಡ್ಡದು. ಆಸ್ಪತ್ರೆಯಲ್ಲಿ ರೋಗಿ ವೈದ್ಯನ ಅಂಗಳಕ್ಕೆ ಬರುತ್ತಾನೆ. ಹಳ್ಳಿಯಲ್ಲಿ ವಿದ್ಯಾರ್ಥಿಯೇ ರೋಗಿಯ ಅಂಗಳಕ್ಕೆ ಹೋಗಬೇಕಾಗುತ್ತದೆ. ಗುಳಿಗೆಯನ್ನು ಊಟವಾದ ಮೇಲೆ ನುಂಗಿರಿ ಎಂದು ಬರೆದುಕೊಡುವವನಿಗೆ ಆ ಮನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಒಲೆ ಹೊತ್ತುತ್ತದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

5. ಬೋಧನೆಯ ವಿಧಾನಗಳು

ಪರಾನುಭೂತಿಯನ್ನು ಉಪದೇಶದಿಂದ ಕಲಿಸಲಾಗದು ಎಂಬುದರಲ್ಲಿ ಶಿಕ್ಷಣತಜ್ಞರಲ್ಲಿ ಸಾಮಾನ್ಯವಾಗಿ ಒಮ್ಮತವಿದೆ. ಕಲಿಸಲು ಬಳಕೆಯಲ್ಲಿರುವ ವಿಧಾನಗಳನ್ನು ಮೂರು ಗುಂಪುಗಳಾಗಿ ನೋಡಬಹುದು.

ಮೊದಲನೆಯದು ಅಭ್ಯಾಸಪ್ರಧಾನವಾದುದು. ಅಮೆರಿಕದ ಹೊವರ್ಡ್ ಬ್ಯಾರೋಸ್ 1960ರ ದಶಕದ ಆರಂಭದಲ್ಲಿ, ತರಬೇತಿ ಪಡೆದ ವ್ಯಕ್ತಿಗಳು ರೋಗಿಯ ಪಾತ್ರವನ್ನು ವಹಿಸುವ ಪದ್ಧತಿಯನ್ನು ರೂಢಿಗೆ ತಂದನು. ಇಂಥ ಪಾತ್ರಧಾರಿ ರೋಗಿಯ ಮುಂದೆ ವಿದ್ಯಾರ್ಥಿಯು ತಪ್ಪು ಮಾಡಿ ತಿದ್ದಿಕೊಳ್ಳಬಹುದು. ನಿಜವಾದ ರೋಗಿಗೆ ಅದರಿಂದ ನೋವಾಗುವುದಿಲ್ಲ. ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಸಬೇಕಾದ ಅಗತ್ಯವನ್ನು ಬೆಕ್‌ಮನ್ ಮತ್ತು ಫ್ರಾಂಕೆಲ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನವು ಮನಗಾಣಿಸಿತು. 74 ಭೇಟಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದಾಗ, ರೋಗಿಯು ತನ್ನ ತೊಂದರೆಯನ್ನು ಹೇಳಲು ತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯನು ನಡುವೆ ಬಾಯಿ ಹಾಕುತ್ತಿದ್ದುದು ಕಂಡುಬಂತು.

ಎರಡನೆಯದು ಕಥನಪ್ರಧಾನವಾದುದು. ಕೊಲಂಬಿಯಾ ವಿಶ್ವವಿದ್ಯಾಲಯದ ರೀಟಾ ಶರಾನ್ 2001ರಿಂದೀಚೆಗೆ ಪ್ರತಿಪಾದಿಸುತ್ತ ಬಂದ ಕಥನವೈದ್ಯದಲ್ಲಿ ಸಾಹಿತ್ಯದ ಓದು ಮತ್ತು ಚಿಂತನಾತ್ಮಕ ಬರವಣಿಗೆ ಮುಖ್ಯ ಸಾಧನಗಳು. ಕನ್ನಡಕ್ಕೆ ಇದು ಅಪರಿಚಿತವಲ್ಲ. ವೈದ್ಯರೂ ಹಾಸ್ಯಸಾಹಿತಿಯೂ ಆಗಿದ್ದ ಡಾ. ಎಂ. ಶಿವರಾಂ (ರಾಶಿ) ಮತ್ತು ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ (1934–1991) ಅವರ ಬರಹಗಳಲ್ಲಿ ಚಿಕಿತ್ಸಾಲಯದ ಅನುಭವ ಮತ್ತು ಮಾನವೀಯ ದೃಷ್ಟಿ ಒಂದಕ್ಕೊಂದು ಬೆಸೆದುಕೊಂಡಿವೆ. ಕಲಬುರಗಿ ಸೀಮೆಯ ದುಡಿಯುವ ಜನರ ಬಾಳನ್ನು ಆ ನೆಲದ ಆಡುನುಡಿಯಲ್ಲಿಯೇ ಚಿತ್ರಿಸುವ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಬೀದರಿನಲ್ಲಿ ಕಲಿಯುವ ವೈದ್ಯವಿದ್ಯಾರ್ಥಿಗೆ ಇಂಥ ಕೃತಿಯು ಏಕಕಾಲಕ್ಕೆ ಭಾಷಾಪಾಠವೂ ಸಮಾಜಪಾಠವೂ ಆಗಬಲ್ಲದು.

ಮೂರನೆಯದು ರಂಗಪ್ರಧಾನವಾದುದು. ಬ್ರೆಜಿಲ್‌ನ ಅಗಸ್ಟೋ ಬೋವಲ್ 1970ರ ದಶಕದಲ್ಲಿ ರೂಪಿಸಿದ ದಮನಿತರ ರಂಗಭೂಮಿಯ ತಂತ್ರಗಳನ್ನು ದೆಹಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ವೈದ್ಯವಿದ್ಯಾರ್ಥಿಗಳಿಗೆ ಅಳವಡಿಸಲಾಯಿತು. ಬೆಂಗಳೂರಿನ ಸೆಂಟರ್ ಫಾರ್ ಕಮ್ಯುನಿಟಿ ಡೈಲಾಗ್ ಅಂಡ್ ಚೇಂಜ್ ಸಂಸ್ಥೆಯೂ ವೈದ್ಯಶಿಕ್ಷಣದಲ್ಲಿ ಈ ತಂತ್ರಗಳನ್ನು ಬಳಸಿದೆ. ಇದರಲ್ಲಿ ಪ್ರೇಕ್ಷಕನೇ ರಂಗಕ್ಕೆ ಬಂದು ಪ್ರಸಂಗದ ದಿಕ್ಕನ್ನು ಬದಲಿಸುತ್ತಾನೆ. ಹೊರರೋಗಿ ವಿಭಾಗದಲ್ಲಿ ಗದರಿಸಿಕೊಂಡ ಅಜ್ಜಿಯ ಪಾತ್ರವನ್ನು ವಿದ್ಯಾರ್ಥಿಯೇ ವಹಿಸಿದಾಗ ಆಗುವ ಅರಿವು ಉಪನ್ಯಾಸದಿಂದ ಬರುವಂಥದಲ್ಲ.

6. ಮಾಪನದ ಸಾಧನಗಳು

ಕಲಿಸಿದುದು ಫಲಿಸಿತೆ ಎಂಬುದನ್ನು ತಿಳಿಯಲು ಮಾಪನ ಬೇಕು. ಲಭ್ಯವಿರುವ ಸಾಧನಗಳಲ್ಲಿ ಉತ್ತರ ಕೊಡುವವರು ಯಾರು ಎಂಬುದನ್ನು ಅನುಸರಿಸಿ ಮೂರು ವರ್ಗಗಳನ್ನು ಮಾಡಬಹುದು.

ವಿದ್ಯಾರ್ಥಿಯು ತನ್ನ ಬಗ್ಗೆ ತಾನೇ ಉತ್ತರಿಸುವ ಪ್ರಶ್ನಾವಳಿಗಳು ಮೊದಲ ವರ್ಗಕ್ಕೆ ಸೇರುತ್ತವೆ. ಮಾರ್ಕ್ ಡೇವಿಸ್ 1980ರ ದಶಕದ ಆರಂಭದಲ್ಲಿ ರೂಪಿಸಿದ 28 ಹೇಳಿಕೆಗಳ ಸೂಚ್ಯಂಕವು ಸಾಮಾನ್ಯ ಜನರಿಗಾಗಿ ಸಿದ್ಧವಾದುದು. ವೈದ್ಯಶಿಕ್ಷಣಕ್ಕೆಂದೇ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಮೊಹಮ್ಮದ್‌ರೆಜಾ ಹೊಜತ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಜೆಫರ್ಸನ್ ಮಾಪಕವು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದರಲ್ಲಿ 20 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಒಟ್ಟು ಅಂಕ 20ರಿಂದ 140ರ ನಡುವೆ ಇರುತ್ತದೆ. ಅರ್ಧದಷ್ಟು ಹೇಳಿಕೆಗಳನ್ನು ವ್ಯತಿರಿಕ್ತ ರೂಪದಲ್ಲಿ ಕೊಟ್ಟು, ಓದದೆ ಗುರುತು ಹಾಕುವ ಪ್ರವೃತ್ತಿಯನ್ನು ತಡೆಯಲಾಗಿದೆ.

ಎರಡನೆಯ ವರ್ಗದಲ್ಲಿ ಪರೀಕ್ಷಕರು ವಿದ್ಯಾರ್ಥಿಯ ನಡವಳಿಕೆಯನ್ನು ಗಮನಿಸಿ ಅಂಕ ನೀಡುತ್ತಾರೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ, ‘ಆಸ್ಕಿ’ ಎಂದು ವೈದ್ಯಕೀಯ ವಲಯದಲ್ಲಿ ಕರೆಯಲಾಗುವ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಹಲವು ಠಾಣೆಗಳನ್ನು ಹಾದು, ಒಂದೊಂದರಲ್ಲಿ ಒಂದೊಂದು ಕೌಶಲವನ್ನು ತೋರಿಸಬೇಕಾಗುತ್ತದೆ. ಅಶುಭವಾರ್ತೆಯನ್ನು ತಿಳಿಸುವುದು ಅಂಥ ಒಂದು ಠಾಣೆಯಾಗಬಹುದು.

ಮೂರನೆಯ ವರ್ಗದಲ್ಲಿ ಉತ್ತರಿಸುವವನು ರೋಗಿ. ಸ್ಕಾಟ್ಲೆಂಡಿನ ಸ್ಟುವರ್ಟ್ ಮರ್ಸರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ‘ಕೇರ್’ ಮಾಪಕದಲ್ಲಿ 10 ಪ್ರಶ್ನೆಗಳಿವೆ. ವೈದ್ಯರು ತನ್ನನ್ನು ಹಾಯಾಗಿರುವಂತೆ ಮಾಡಿದರೆ, ತನ್ನ ಕಥೆಯನ್ನು ಹೇಳಲು ಬಿಟ್ಟರೆ, ನಿಜವಾಗಿ ಕೇಳಿಸಿಕೊಂಡರೆ ಎಂಬ ಬಗೆಯ ಪ್ರಶ್ನೆಗಳಿಗೆ ರೋಗಿಯು ಉತ್ತರಿಸುತ್ತಾನೆ.

7. ಮಾಪನ ಹೇಳುವುದೇನು?

ಈ ಮಾಪನಗಳಿಂದ ದೊರೆತ ಫಲಿತಾಂಶಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದುದು ಪರಾನುಭೂತಿಯ ಕುಸಿತ. ಹೊಜತ್ ಮತ್ತು ಸಂಗಡಿಗರು 456 ವಿದ್ಯಾರ್ಥಿಗಳನ್ನು ವ್ಯಾಸಂಗದುದ್ದಕ್ಕೂ ಅನುಸರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೆರಡು ವರ್ಷ ಸ್ಥಿರವಾಗಿದ್ದ ಅಂಕಗಳು ಮೂರನೆಯ ವರ್ಷದಲ್ಲಿ ಇಳಿದುದು ಕಂಡುಬಂತು. ಅಲ್ಲಿನ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ಪೂರ್ಣಪ್ರಮಾಣದಲ್ಲಿ ರೋಗಿಗಳ ನಡುವೆ ಬರುವುದು ಆ ವರ್ಷದಲ್ಲಿಯೇ. ರೋಗಿಯನ್ನು ಹತ್ತಿರದಿಂದ ಕಾಣತೊಡಗಿದಾಗಲೇ ರೋಗಿಯ ಮೇಲಿನ ಅನುಭೂತಿ ಕುಗ್ಗುವುದೆಂಬ ಈ ವಿಪರ್ಯಾಸ ಶಿಕ್ಷಣತಜ್ಞರನ್ನು ಕಂಗೆಡಿಸಿತು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೂ ಮೇಲಿನ ತರಗತಿಗಳಲ್ಲಿ ಅಂಕಗಳು ಕಡಿಮೆಯಾದುದನ್ನು ಗುರುತಿಸಿತು.

ಇದಕ್ಕೆ ಪ್ರತಿವಾದವೂ ಇದೆ. ಕಾಲಿವರ್ ಮತ್ತು ಸಂಗಡಿಗರು 2010ರಲ್ಲಿ ಹಲವು ಅಧ್ಯಯನಗಳನ್ನು ಮರುಪರಿಶೀಲಿಸಿ, ಕುಸಿತದ ಪ್ರಮಾಣ ತೀರ ಅಲ್ಪವೆಂದೂ ಪ್ರಶ್ನಾವಳಿಗೆ ಉತ್ತರಿಸಿದವರ ಪ್ರಮಾಣ ಕಡಿಮೆಯಿದ್ದುದನ್ನು ಗಮನಿಸಬೇಕೆಂದೂ ವಾದಿಸಿದರು. ಇಲ್ಲಿ ಒಂದು ಮೂಲಭೂತ ಪ್ರಶ್ನೆ ಏಳುತ್ತದೆ. ವಿದ್ಯಾರ್ಥಿಯು ತನ್ನ ಬಗ್ಗೆ ತಾನೇ ಬರೆದುಕೊಟ್ಟ ಉತ್ತರವು ಅಳೆಯುವುದು ಅವನ ಪರಾನುಭೂತಿಯನ್ನೊ, ಪರಾನುಭೂತಿಯ ಬಗೆಗೆ ಅವನಿಗಿರುವ ಅಭಿಪ್ರಾಯವನ್ನೊ? ಮೊದಲ ವರ್ಷದ ವಿದ್ಯಾರ್ಥಿಯ ಹೆಚ್ಚಿನ ಅಂಕವು ಅನುಭವವಿಲ್ಲದ ಆದರ್ಶವಾಗಿರಬಹುದು. ನಂತರದ ಕಡಿಮೆ ಅಂಕವು ತನ್ನ ಮಿತಿಯನ್ನು ಅರಿತವನ ಪ್ರಾಮಾಣಿಕತೆಯೂ ಆಗಿರಬಹುದು. ‘ಸರಿಯಾದ ಉತ್ತರ’ ಯಾವುದೆಂಬುದು ಪ್ರಶ್ನೆಯಲ್ಲಿಯೇ ಗೋಚರಿಸುವಾಗ, ಪರೀಕ್ಷೆ ಬರೆದೇ ಬೆಳೆದ ವಿದ್ಯಾರ್ಥಿ ಅದನ್ನು ಊಹಿಸುವುದು ಕಷ್ಟವಲ್ಲ.

ಹಾಗೆಂದು ಮಾಪನವನ್ನೇ ಕೈಬಿಡುವುದು ಯುಕ್ತವಲ್ಲ. 29 ವೈದ್ಯರು ಮತ್ತು ಅವರ 891 ಮಧುಮೇಹ ರೋಗಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಅಂಕ ಪಡೆದ ವೈದ್ಯರ ರೋಗಿಗಳಲ್ಲಿ ಪ್ರತಿಶತ 56ರಷ್ಟು ಜನರಿಗೆ ರಕ್ತದ ಸಕ್ಕರೆ ಹತೋಟಿಯಲ್ಲಿತ್ತು. ಕಡಿಮೆ ಅಂಕದ ವೈದ್ಯರ ರೋಗಿಗಳಲ್ಲಿ ಈ ಪ್ರಮಾಣ ಪ್ರತಿಶತ 40. ಇದರಿಂದ ಕಾರ್ಯಕಾರಣ ಸಂಬಂಧ ಸಿದ್ಧವಾಗದಿದ್ದರೂ, ವೈದ್ಯನ ನಡೆಗೂ ರೋಗಿಯ ದೇಹಸ್ಥಿತಿಗೂ ನಂಟಿದೆಯೆಂಬುದು ಸ್ಪಷ್ಟ. ಇನ್ನೂ ಮಹತ್ವದ್ದು ಬಾಸ್ಟನ್ನಿನ ಹೆಲೆನ್ ರೀಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ. 99 ತರಬೇತಿನಿರತ ವೈದ್ಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ತಲಾ ಒಂದು ಗಂಟೆಯ ಮೂರು ಪಾಠಗಳನ್ನು ನೀಡಲಾಯಿತು. ಅನಂತರ ಆ ಗುಂಪಿನ ವೈದ್ಯರಿಗೆ ರೋಗಿಗಳು ‘ಕೇರ್’ ಮಾಪಕದಲ್ಲಿ ಕೊಟ್ಟ ಅಂಕಗಳು ಇನ್ನೊಂದು ಗುಂಪಿಗಿಂತ ಉತ್ತಮಗೊಂಡವು. ಪರಾನುಭೂತಿ ಕಲಿಸಬಲ್ಲ ಕೌಶಲವೆಂಬುದಕ್ಕೆ ಇಲ್ಲಿ ಸಾಕ್ಷಿ ನುಡಿದವರು ಕಲಿತವರಲ್ಲ, ರೋಗಿಗಳು.

8. ಗಡಿಸೀಮೆಯ ನುಡಿ ಮತ್ತು ಮಾಪನದ ಸಮಸ್ಯೆ

ಈ ಸಾಧನಗಳನ್ನು ಬೀದರ್, ಭಾಲ್ಕಿ, ಔರಾದ ಪ್ರದೇಶಕ್ಕೆ ತರುವಾಗ ಮೊದಲು ಎದುರಾಗುವುದು ಭಾಷೆ. ಇಲ್ಲಿ ಆಸ್ಪತ್ರೆಯೆಂದರೆ ‘ದವಾಖಾನಿ’, ಮಾತ್ರೆಯೆಂದರೆ ‘ಗುಳಗಿ’, ಬೇನೆಯೆಂದರೆ ‘ಬ್ಯಾನಿ’. ದಕ್ಷಿಣ ಕರ್ನಾಟಕದವರು ‘ಹುಷಾರಿಲ್ಲ’ ಎನ್ನುವಲ್ಲಿ ಇಲ್ಲಿಯವರು ‘ಆರಾಮಿಲ್ಲ’ ಎನ್ನುತ್ತಾರೆ. ‘ತ್ರಾಸ’ ಎಂಬ ಒಂದೇ ಪದವು ಮೈನೋವಿನಿಂದ ಮನೆಯ ಕಷ್ಟದವರೆಗೆ ಎಲ್ಲವನ್ನೂ ಒಳಗೊಳ್ಳುತ್ತದೆ. ಮರಾಠಿ ಮನೆಮಾತಿನವರು ‘ತಾಪ’ ಎಂದರೆ ಜ್ವರವೆಂದೇ ತಿಳಿಯಬೇಕು. ಮೈಸೂರು ಸೀಮೆಯಿಂದಲೋ ಹೊರರಾಜ್ಯದಿಂದಲೋ ಬಂದ ವಿದ್ಯಾರ್ಥಿಗೆ ಇವು ಹೊಸವು. ಸಂವಿಧಾನದ 371(ಜೆ) ವಿಧಿಯನ್ವಯ ದೊರೆತ ಮೀಸಲಾತಿಯಿಂದ 2013ರಿಂದೀಚೆಗೆ ಈ ಭಾಗದ ವಿದ್ಯಾರ್ಥಿಗಳಿಗೆ ಇಲ್ಲಿಯ ಕಾಲೇಜುಗಳಲ್ಲಿ ಹೆಚ್ಚಿನ ಅವಕಾಶ ದೊರೆತಿದೆ. ಆದರೆ ಮನೆಯಲ್ಲಿ ಕಲಿತ ನುಡಿಯನ್ನು ಇಂಗ್ಲಿಷ್ ಪಠ್ಯದ ನೆರಳಿನಲ್ಲಿ ಕೀಳಾಗಿ ಕಾಣುವ ಪ್ರವೃತ್ತಿ ಬೆಳೆದರೆ ಆ ವಿದ್ಯಾರ್ಥಿಗೂ ತನ್ನ ಊರಿನ ರೋಗಿ ಪರಕೀಯನಾಗಬಹುದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನೆಲದಲ್ಲಿ, ಜನರ ನುಡಿಯನ್ನು ಕಲಿಕೆಯ ಒಳಕ್ಕೆ ತರುವುದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಾಪಕದ ಅನುವಾದವೂ ಸರಳವಲ್ಲ. ಜೆಫರ್ಸನ್ ಮಾಪಕದ ಮೂರು ಅಂಶಗಳಲ್ಲಿ ಒಂದನ್ನು ಇಂಗ್ಲಿಷಿನಲ್ಲಿ ರೋಗಿಯ ಪಾದರಕ್ಷೆಯೊಳಗೆ ನಿಲ್ಲುವುದೆಂಬ ನುಡಿಗಟ್ಟಿನಿಂದ ಹೆಸರಿಸಲಾಗಿದೆ. ಇದನ್ನು ಪದಶಃ ಕನ್ನಡಕ್ಕೆ ತಂದರೆ ಅರ್ಥವಾಗದಿರುವುದು ಒಂದು ಕಡೆ, ಪಾದರಕ್ಷೆಯ ಸುತ್ತ ಇಲ್ಲಿಯ ಸಮಾಜದಲ್ಲಿರುವ ಮಾನ-ಅಪಮಾನಗಳ ಭಾವನೆ ಕೆರಳುವುದು ಇನ್ನೊಂದು ಕಡೆ. ‘ಅವರ ಜಾಗದಲ್ಲಿ ನಿಂತು ನೋಡುವುದು’ ಎಂಬುದೇ ಕನ್ನಡದ ಜಾಯಮಾನಕ್ಕೆ ಒಗ್ಗುವ ಮಾತು. ಅನುವಾದಿಸಿದುದನ್ನು ಬೇರೊಬ್ಬರು ಮೂಲಭಾಷೆಗೆ ಹಿಂದಿರುಗಿಸಿ ಹೋಲಿಸುವುದು, ಆಮೇಲೆ ಜನರಿಗೆ ಓದಿ ಹೇಳಿ ಅವರು ಏನೆಂದು ಗ್ರಹಿಸಿದರೆಂದು ವಿಚಾರಿಸುವುದು, ಈ ಎರಡು ಹಂತಗಳನ್ನು ಬಿಟ್ಟ ಯಾವ ಅನುವಾದವೂ ಮಾಪಕವಾಗಲಾರದು.

ಇನ್ನೊಂದು ತೊಡಕು ಅಕ್ಷರಕ್ಕೆ ಸಂಬಂಧಿಸಿದುದು. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯ ಸಾಕ್ಷರತೆ ಪ್ರತಿಶತ 70ರ ಆಸುಪಾಸಿನಲ್ಲಿತ್ತು. ಆಸ್ಪತ್ರೆಗೆ ಬರುವ ವೃದ್ಧರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ, ಓದಲು ಬಾರದವರು ಹೆಚ್ಚು. ಆದುದರಿಂದ ಪ್ರಶ್ನೆಗಳನ್ನು ಬಾಯಿಮಾತಿನಲ್ಲಿಯೇ ಕೇಳಬೇಕು. ಚಿಕಿತ್ಸೆ ನೀಡುವವರ ಎದುರಿಗೇ ಕೇಳಿದರೆ ‘ಛಲೋ ನೋಡಿದ್ರ್ರಿ’ ಎಂಬ ಒಂದೇ ಉತ್ತರ ಬರುತ್ತದೆ. ಅದು ಗೌರವದ ಉತ್ತರ, ಕೆಲವೊಮ್ಮೆ ಭಯದ ಉತ್ತರ, ಅಳತೆಯ ಉತ್ತರವಲ್ಲ.

ಈ ಕಾರಣದಿಂದ ಅಭಿಪ್ರಾಯಕ್ಕಿಂತ ಅರಿವನ್ನು ಕೇಳುವುದು ಹೆಚ್ಚು ವಿಶ್ವಾಸಾರ್ಹ. ವೈದ್ಯನನ್ನು ಕಂಡು ಹೊರಬಂದ ರೋಗಿಯನ್ನು ಆ ವಿಭಾಗಕ್ಕೆ ಸೇರದ, ಆತನ ನುಡಿಯನ್ನು ಬಲ್ಲ ವ್ಯಕ್ತಿಯೊಬ್ಬರು ಮಾತನಾಡಿಸಿ ನಾಲ್ಕು ಸಂಗತಿಗಳನ್ನು ತಿಳಿಯಬಹುದು: ನಿಮಗೆ ಏನಾಗಿದೆ ಎಂದು ಹೇಳಿದರು? ಗುಳಿಗೆಯನ್ನು ಹೇಗೆ, ಎಷ್ಟು ದಿನ ತೆಗೆದುಕೊಳ್ಳಬೇಕು? ಮತ್ತೆ ಯಾವಾಗ ಬರಬೇಕು? ಕೇಳಬೇಕೆಂದಿದ್ದು ಕೇಳದೆ ಬಂದ ಮಾತು ಯಾವುದಾದರೂ ಇದೆಯೆ? ಕೊನೆಯ ಪ್ರಶ್ನೆಯ ಉತ್ತರವೇ ಪರಾನುಭೂತಿಯ ನಿಜವಾದ ಮಾಪನ. ಕ್ಷಯರೋಗದ ಸಾಮಾನ್ಯ ಚಿಕಿತ್ಸೆಗೆ 6 ತಿಂಗಳು ಬೇಕು. ಕೆಲವು ವಾರಗಳಲ್ಲಿ ಕೆಮ್ಮು ಕಡಿಮೆಯಾದಾಗ ಗುಳಿಗೆ ನಿಲ್ಲಿಸಿದರೆ ರೋಗ ಮರುಕಳಿಸಿ, ಔಷಧಕ್ಕೆ ಬಗ್ಗದ ಸ್ಥಿತಿ ತಲುಪಬಹುದು. ‘ಆರಾಮಾದ ಮೇಲೂ ಯಾಕ ತಗೋಬೇಕು?’ ಎಂಬ ಪ್ರಶ್ನೆಯನ್ನು ನುಂಗಿಕೊಂಡು ಎಕಂಬಾಕ್ಕೋ ಕಮಲನಗರಕ್ಕೋ ಹಿಂದಿರುಗಿದ ರೋಗಿಯ ವಿಷಯದಲ್ಲಿ ಪರಾನುಭೂತಿಯ ಕೊರತೆಯು ಜೀವಕ್ಕೇ ಎರವಾಗುತ್ತದೆ.

9. ಗುಪ್ತ ಪಠ್ಯಕ್ರಮ

ಮುದ್ರಿತ ಪಠ್ಯಕ್ರಮದ ಜೊತೆಗೆ ಇನ್ನೊಂದು ಪಠ್ಯಕ್ರಮ ವಾರ್ಡುಗಳಲ್ಲಿ ನಿತ್ಯವೂ ನಡೆಯುತ್ತಿರುತ್ತದೆ. ಫ್ರೆಡೆರಿಕ್ ಹಾಫರ್ಟಿ 1990ರ ದಶಕದಲ್ಲಿ ಇದನ್ನು ‘ಗುಪ್ತ ಪಠ್ಯಕ್ರಮ’ ಎಂಬ ಹೆಸರಿನಿಂದ ವೈದ್ಯಶಿಕ್ಷಣದ ಚರ್ಚೆಗೆ ತಂದನು. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ರೋಗದ ಹೆಸರಿನಿಂದಲೋ ಗುರುತಿಸುವ ಹಿರಿಯರನ್ನು ಕಂಡ ವಿದ್ಯಾರ್ಥಿಯು ಅದನ್ನೇ ವೃತ್ತಿಯ ರೀತಿಯೆಂದು ತಿಳಿಯುತ್ತಾನೆ. ಹಿರಿಯ ವೈದ್ಯರೊಬ್ಬರು ಹಾಸಿಗೆಯ ಪಕ್ಕ ಕುಳಿತು ‘ಅವ್ವಾ, ಏನ್ ತ್ರಾಸ ಆಗ್ತದ ಹೇಳ್ರಿ’ ಎಂದು ವಿಚಾರಿಸುವುದನ್ನು ಕಂಡ ವಿದ್ಯಾರ್ಥಿಗೆ ಬೇರೆ ಪಾಠ ಬೇಕಾಗುವುದಿಲ್ಲ. ರೋಗಿಗಳ ದಟ್ಟಣೆ, ನಿದ್ದೆಯಿಲ್ಲದ ಪಾಳಿ, ಸಿಬ್ಬಂದಿಯ ಕೊರತೆಗಳ ನಡುವೆ ದುಡಿಯುವ ಕಿರಿಯ ವೈದ್ಯನಲ್ಲಿ ಪರಾನುಭೂತಿ ಬತ್ತಿದರೆ ಅದು ಕೇವಲ ಅವನ ವೈಯಕ್ತಿಕ ದೋಷವಲ್ಲ. ವಿದ್ಯಾರ್ಥಿಯನ್ನು ಅಳೆಯುವ ಸಂಸ್ಥೆಯು ತನ್ನನ್ನೂ ಅಳೆದುಕೊಳ್ಳಬೇಕು.

ಪರಾನುಭೂತಿಗೆ ತನ್ನದೇ ಆದ ಅಪಾಯವೂ ಇದೆ. ಅದು ನಮ್ಮಂತಿರುವವರ ಕಡೆಗೆ ಸುಲಭವಾಗಿ ಹರಿಯುತ್ತದೆ, ಅನ್ಯರೆಂದು ಕಾಣುವವರ ಕಡೆಗೆ ಹಿಂಜರಿಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಬ್ಲೂಮ್ 2016ರಲ್ಲಿ ಎಚ್ಚರಿಸಿದನು. ಜಾತಿ, ಮತ, ನುಡಿಗಳ ಗೆರೆಗಳು ಒಂದರ ಮೇಲೊಂದು ಹಾದುಹೋಗುವ ಗಡಿಸೀಮೆಯಲ್ಲಿ ಈ ಎಚ್ಚರಿಕೆ ಮುಖ್ಯವಾದುದು. ತನ್ನ ನುಡಿಯವರಿಗೆ ಮಾತ್ರ ಮಿಡಿಯುವ ಹೃದಯ ವೈದ್ಯನಿಗೆ ಸಾಲದು. ಮುಂದೆ ನಿಂತವರ ಕುಲವನ್ನು ಕೇಳದೆ ತಮ್ಮವರೆಂದು ಭಾವಿಸಬೇಕೆಂಬ ಕಲ್ಯಾಣದ ಶರಣರ ಆದರ್ಶವು ವೈದ್ಯನ ಪಾಲಿಗೆ ದಿನನಿತ್ಯದ ಕರ್ತವ್ಯವಾಗಿದೆ.

10. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪರಾನುಭೂತಿಯು ಭಾವನೆ ಮಾತ್ರವಲ್ಲ; ಗ್ರಹಿಸಿ, ವ್ಯಕ್ತಪಡಿಸಿ, ನಡೆದು ತೋರಿಸಬೇಕಾದ ವೃತ್ತಿಕೌಶಲ. ಅಭ್ಯಾಸ, ಕಥನ, ರಂಗಪ್ರಯೋಗಗಳಿಂದ ಅದನ್ನು ಕಲಿಸಬಹುದು. ಪ್ರಶ್ನಾವಳಿಗಳು ಒಂದು ತಂಡದ ಒಲವನ್ನು ತಿಳಿಯಲು ಉಪಯುಕ್ತವಾದರೂ ಒಬ್ಬ ವಿದ್ಯಾರ್ಥಿಯನ್ನು ಉತ್ತೀರ್ಣ-ಅನುತ್ತೀರ್ಣಗೊಳಿಸಲು ತಕ್ಕವಲ್ಲ. ವಿದ್ಯಾರ್ಥಿಯ ಸ್ವಮೌಲ್ಯಮಾಪನ, ಪರೀಕ್ಷಕರ ವೀಕ್ಷಣೆ ಮತ್ತು ರೋಗಿಯ ಅರಿವು, ಈ ಮೂರನ್ನೂ ಜೊತೆಯಿಟ್ಟು ನೋಡಿದಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ. ಇವುಗಳಲ್ಲಿ ಭಿನ್ನಾಭಿಪ್ರಾಯ ಬಂದಾಗ ರೋಗಿಯ ಮಾತಿಗೆ ಹೆಚ್ಚಿನ ತೂಕ ಸಲ್ಲಬೇಕು. ಬೀದರ್ ಜಿಲ್ಲೆಯಂಥ ಬಹುಭಾಷಿಕ ಪ್ರದೇಶದಲ್ಲಿ ಸ್ಥಳೀಯ ನುಡಿಯ ಬೋಧನೆಯು ಬುನಾದಿ ಶಿಕ್ಷಣದ ಕೆಲವು ಗಂಟೆಗಳಿಗೆ ಸೀಮಿತವಾಗದೆ ವಾರ್ಡಿನವರೆಗೂ ಮುಂದುವರಿಯಬೇಕು. ರೋಗ ಮತ್ತು ನೋವುಗಳಿಗೆ ಇಲ್ಲಿಯ ಐದು ನುಡಿಗಳಲ್ಲಿರುವ ಪದಗಳನ್ನು ಸಂಗ್ರಹಿಸಿ ವಿದ್ಯಾರ್ಥಿಗಳ ಕೈಗೆ ಕೊಡುವ ಕೆಲಸವನ್ನು ಭಾಷಾವಿದ್ವಾಂಸರೂ ವೈದ್ಯರೂ ಒಟ್ಟಾಗಿ ಕೈಗೊಳ್ಳಬಹುದು.

ಆಯಾಸವೆಂದು ಹೇಳಿದ ವೃದ್ಧೆಗೆ ‘ದಣಿವೋ, ದಮ್ಮು ಹತ್ತುವುದೋ?’ ಎಂದು ಮರಳಿ ಕೇಳುವ ವಿದ್ಯಾರ್ಥಿಯು ಯಾವ ಪ್ರಶ್ನಾವಳಿಯಲ್ಲಿ ಎಷ್ಟು ಅಂಕ ಪಡೆದಿದ್ದಾನೆ ಎಂಬುದು ಅವಳಿಗೆ ತಿಳಿಯದು. ತನ್ನ ಮಾತು ತಲುಪಿತೆಂಬುದು ಮಾತ್ರ ಅವಳಿಗೆ ತಿಳಿಯುತ್ತದೆ. ವೈದ್ಯಶಿಕ್ಷಣವು ಅಳೆಯಲು ಕಲಿಯಬೇಕಾದುದು ಅದನ್ನೇ.